ಕಣ್ಣಿನ ಭೋಗಕ್ಕೂ ಪರಿಮಾಣ ಬೇಡವೇ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಬಳಸಿದರೆ ಮುಗಿದುಹೋಗುವ ಅನ್ನ, ಹೂ, ಗಂಧಗಳು ಭೋಗ; ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರ, ಆಭರಣಗಳು ಉಪಭೋಗ. ಈ ಎಣಿಕೆಯಲ್ಲಿ ಮನೆಯ ಟಿ.ವಿ.ಯೂ ಉಪಭೋಗವೇ. ಊಟಕ್ಕೂ ಉಡುಗೆಗೂ ಮಿತಿ ಹಾಕಿಕೊಂಡ ಶ್ರಾವಕನು ತನ್ನ ಕಣ್ಣಿಗೆ ಮಿತಿ ಹಾಕಿಕೊಂಡಿದ್ದಾನೆಯೇ ಎಂಬುದು ವಿಚಾರಾರ್ಹ ಪ್ರಶ್ನೆ.

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯ ಒಂದು ಮನೆಯನ್ನು ದೃಷ್ಟಾಂತವಾಗಿ ಭಾವಿಸಬಹುದು. 2024ರಲ್ಲಿ ವೇಣೂರಿನ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆಯಲಿದ್ದಾಗ, ಬೆಟ್ಟು ಗದ್ದೆ ದಾಟಿ ನಡೆಯಲಾರದ ವೃದ್ಧ ತಾಯಿಗೆ ಮನೆಯಲ್ಲೇ ದರ್ಶನವಾಗಲೆಂದು ಮಗನು ಹೊಸ ಎಚ್.ಡಿ. ಟಿ.ವಿ. ತಂದನು. ಆದರೆ ಚಿತ್ರ ಮಸುಕಾಗಿಯೇ ಇತ್ತು. ಕೇಬಲ್‌ನವನು ಬಂದು ನೋಡಿ, "ಅಮ್ಮಾ, ಟಿ.ವಿ. ಹೊಸದು, ಬಾಕ್ಸ್ ಹಳೆಯದು" ಎಂದನು. ಹಳೆಯ ಬಗೆಯ ಚಿತ್ರದಲ್ಲಿ ಇರುವುದು 576 ಗೆರೆ. ಹೊಸ ಪರದೆಗೆ ಬೇಕಾದದ್ದು 1080. ಟಿ.ವಿ., ಸೆಟ್ ಟಾಪ್ ಬಾಕ್ಸ್, ನಡುವಿನ ಎಚ್.ಡಿ.ಎಂ.ಐ. ತಂತಿ, ವಾಹಿನಿಯ ಪ್ರಸಾರ ಇವೆಲ್ಲವೂ ಆ ಮಟ್ಟದವಾಗಿದ್ದರೆ ಮಾತ್ರ ಸ್ಪಷ್ಟತೆ ದೊರೆಯುವುದು. ಬಾಕ್ಸ್ ಬದಲಾಯಿತು. ಅಭಿಷೇಕವನ್ನು ತೋರಿಸುತ್ತಿದ್ದ ಸ್ಥಳೀಯ ವಾಹಿನಿಯ ಪ್ರಸಾರವು ಸಾಧಾರಣ ಮಟ್ಟದ್ದಾದುದರಿಂದ ಸ್ವಾಮಿಯ ಮೂರ್ತಿ ಮೊದಲಿನಂತೆಯೇ ಕಂಡಿತು. ಕನ್ನಡಿಯಂತೆ ಕಂಡದ್ದು ಧಾರಾವಾಹಿ ಮತ್ತು ಕ್ರಿಕೆಟ್!

ಅಭಿಷೇಕದ ದಿನಗಳು ಮುಗಿದವು, ಟಿ.ವಿ. ಉಳಿಯಿತು. ತಿಂಗಳೊಳಗೆ ಸಂಜೆಯ ಸಾಮಾಯಿಕದ ಹೊತ್ತು ಧಾರಾವಾಹಿಯ ಹೊತ್ತಾಯಿತು. ದರ್ಶನಕ್ಕೆಂದು ತಂದ ವಸ್ತು ದರ್ಶನದ ವೇಳೆಯನ್ನೇ ನುಂಗಿತು.

ಜಡವಸ್ತುವಿಗೆ ಪಾಪವೆಲ್ಲಿ, ನೋಡಿದ ಮಾತ್ರಕ್ಕೆ ಹಿಂಸೆ ಮಾಡಿದಂತಾಗುವುದೇ ಎಂದು ಕೇಳುವವರಿದ್ದಾರೆ. ಪೆಟ್ಟಿಗೆ ನಿರ್ದೋಷಿ ಎಂಬುದು ನಿಜ. ಆದರೆ ಜೈನ ನೀತಿಯು ಕರ್ಮಾಸ್ರವವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ಲೆಕ್ಕ ಹಾಕುತ್ತದೆ. ಪರದೆಯ ಮೇಲಿನ ಹೊಡೆತಕ್ಕೆ ಮನಸ್ಸು ಹಿಗ್ಗಿದರೆ, ಕಥೆಯ ಸೊಸೆಗೆ ಕೇಡಾಗಲೆಂದು ಹಾರೈಸಿದರೆ, ಕೈ ಸುಮ್ಮನಿದ್ದರೂ ಭಾವ ಸುಮ್ಮನಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದನ್ನು 'ದುಃಶ್ರುತಿ' ಎಂದು ಅನರ್ಥದಂಡಗಳಲ್ಲಿ ಸೇರಿಸಿದೆ. ಚಿತ್ರ ಸ್ಪಷ್ಟವಾದಷ್ಟೂ ಅದರ ಸೆಳೆತ ಹೆಚ್ಚು. ಸ್ಪಷ್ಟವಾಗಿ ಕಾಣುವುದು ಬೇರೆ, ಸಮ್ಯಕ್ಕಾಗಿ ಕಾಣುವುದು ಬೇರೆ.

ಹಾಗೆಂದು ಟಿ.ವಿ.ಯನ್ನು ಹೊರಗೆಸೆಯಬೇಕಾಗಿಲ್ಲ. ಅದೇ ಗ್ರಂಥವು ತ್ಯಾಗವನ್ನು ಯಾವಜ್ಜೀವದ 'ಯಮ', ಕಾಲಮಿತಿಯ 'ನಿಯಮ' ಎಂದು ಎರಡಾಗಿ ವಿಂಗಡಿಸಿದೆ. ಗೃಹಸ್ಥನಿಗೆ ನಿಯಮವೇ ಸುಲಭ ಸಾಧನ. ಅದಕ್ಕೆ ವ್ಯಾವಹಾರಿಕ ಅವಕಾಶವೂ ಉಂಟು. 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ವ್ಯವಸ್ಥೆಯು ತನಗೆ ಬೇಕಾದ ವಾಹಿನಿಗಳನ್ನು ತಾನೇ ಆರಿಸಿಕೊಳ್ಳುವ ಹಕ್ಕನ್ನು ಗ್ರಾಹಕನಿಗೆ ನೀಡಿತು. ವಾಹಿನಿಗಳ ಎಣಿಕೆಯಲ್ಲಿ ಒಂದು ಎಚ್.ಡಿ. ವಾಹಿನಿಗೆ ಎರಡು ಸಾಧಾರಣ ವಾಹಿನಿಗಳ ಸ್ಥಾನ ಸಲ್ಲುತ್ತಿತ್ತು. ವ್ಯಾಪಾರಿಯು ಹಣಕ್ಕಾಗಿ ಈ ಪಟ್ಟಿಯನ್ನು ತಿದ್ದುತ್ತಾನೆ. ಶ್ರಾವಕನು ಆತ್ಮಹಿತಕ್ಕಾಗಿಯೂ ತಿದ್ದಬಹುದು. ಯಾವ ವಾಹಿನಿ, ಎಷ್ಟು ಹೊತ್ತು, ಯಾವ ವೇಳೆಯಲ್ಲಿ ಬೇಡ ಎಂಬ ಮೂರನ್ನು ಬರೆದಿಟ್ಟರೆ ಅದೇ ಪರಿಮಾಣಪತ್ರ. ಬಸದಿಗಳ ಆಡಳಿತದವರು ದಶಲಕ್ಷಣ ಪರ್ವದಲ್ಲಿ ಕೊಡಿಸುವ ನಿಯಮಗಳಿಗೆ ಇದನ್ನೂ ಸೇರಿಸುವುದು ಯುಕ್ತ.

ಆದರೆ ಹೇರಿದ ನಿಯಮವು ವ್ರತವಾಗದು. ಮೊಮ್ಮಗನ ಕ್ರಿಕೆಟ್ ನಿಲ್ಲಿಸುವುದು ಹಿರಿಯರಿಗೆ ಸುಲಭ, ತಮ್ಮ ಧಾರಾವಾಹಿ ಬಿಡುವುದು ಕಷ್ಟ. ದೃಷ್ಟಾಂತದ ಮನೆಯಲ್ಲಿಯೂ ಹುಡುಗ ಕೇಳಿದ್ದು ಇದನ್ನೇ: "ಅಜ್ಜೀ, ನಿಮ್ಮದು ಮಾತ್ರ ಯಾಕೆ ಬಿಡುವುದಿಲ್ಲ?" ಅಜ್ಜಿ ಉತ್ತರಿಸಲಿಲ್ಲ. ಮರುದಿನ ಬಸದಿಯಲ್ಲಿ ಒಂದು ತಿಂಗಳ ಮಟ್ಟಿಗೆ ಸಂಜೆಯ ಧಾರಾವಾಹಿಯನ್ನು ತ್ಯಜಿಸಿದರು. ರಿಮೋಟಿನಿಂದ ಆರಿಸಿದರೂ ಬಾಕ್ಸ್ ವಿದ್ಯುತ್ತನ್ನು ಬಳಸುತ್ತಲೇ ಇರುವುದೆಂದು ತಿಳಿದು, ಸಂಜೆ ಗೋಡೆಯ ಸ್ವಿಚ್ಚನ್ನೇ ಆರಿಸತೊಡಗಿದರು. ನಿಷ್ಪ್ರಯೋಜಕ ವ್ಯಯವೂ ಪ್ರಮಾದಚರ್ಯೆಯಷ್ಟೆ. ಹುಡುಗನಿಗೆ ಅವರು ಏನನ್ನೂ ವಿಧಿಸಲಿಲ್ಲ. ಮನೆಯ ಹಿರಿಯರು ಆರಂಭಿಸಬೇಕಾದುದು ಇಲ್ಲಿಂದಲೇ.