ನಿಲ್ದಾಣಕ್ಕೆ ಹೋಗಬೇಕೇ?

ಕಾಮೋಠೆಯ ನಮ್ಮ ಮನೆಗಳಿಗೆ ಕರಾವಳಿಯಿಂದ ನೆಂಟರು ಬರುವುದೆಂದರೆ ಹೆಚ್ಚಾಗಿ ಪನವೇಲಿನಲ್ಲಿ ಇಳಿದು ಬರುವುದೆಂದೇ ಅರ್ಥ. ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಅವರನ್ನು ಬೆಳಗಿನ ಜಾವಕ್ಕೇ ಅಲ್ಲಿ ತಂದಿಳಿಸುತ್ತದೆ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮಾತು ಏಳುತ್ತದೆ: ಯಾರಾದರೂ ಹೋಗಬೇಕೇ, ಬೇಡವೇ? ಮಕ್ಕಳ ವಾದ ಸರಳವಾದುದು. ಬರುವವರ ಕೈಯಲ್ಲಿ ಫೋನಿದೆ, ಮನೆಯ ನಕ್ಷೆ ಕಳಿಸಿದ್ದಾಗಿದೆ, ರಿಕ್ಷಾ ಸಿಗುತ್ತದೆ. ನಿದ್ದೆಗೆಟ್ಟು ಹೋಗಿ ಮಾಡುವುದೇನು? ಇದನ್ನು ಸೋಮಾರಿತನದ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಂದು ಕರ್ತವ್ಯಕ್ಕೆ ಕಾರಣವಾಗಿದ್ದ ಅಗತ್ಯ ತೀರಿಹೋದ ಮೇಲೂ ಆ ಕರ್ತವ್ಯ ಉಳಿಯುತ್ತದೆಯೇ ಎಂಬ ಹಳೆಯ ಪ್ರಶ್ನೆಯೇ ಅದರಲ್ಲಿ ಅಡಗಿದೆ.

ಹಿಂದೆ ಅಗತ್ಯವಿತ್ತು ಎಂಬುದರಲ್ಲಿ ಸಂಶಯವಿಲ್ಲ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗುವವರೆಗೆ ಕರಾವಳಿಯವರು ಬಸ್ಸಿನಲ್ಲಿ ಮೈ ನುಗ್ಗಾಗಿಸಿಕೊಂಡು ಬರುತ್ತಿದ್ದರು. ಅದಕ್ಕೂ ಹಿಂದಿನವರು ಹಡಗಿನಲ್ಲಿ ಬಂದವರು. ಘಟ್ಟದ ಮೇಲಿನವರು ವೀಟಿಯಲ್ಲೋ ದಾದರಿನಲ್ಲೋ ಇಳಿಯುತ್ತಿದ್ದರು. ಜೇಬಿನಲ್ಲಿ ವಿಳಾಸದ ಚೀಟಿ, ಬಾಯಲ್ಲಿ ಬಾರದ ಹಿಂದಿ. ಎದುರುಗೊಳ್ಳುವುದೆಂದರೆ ಕಾಪಾಡುವುದೆಂದೇ ಅರ್ಥವಿದ್ದ ಕಾಲ ಅದು. 1949ರಲ್ಲಿ ಕೆಲಸ ಹುಡುಕಿಕೊಂಡು ಬಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಚೌಪಾಟಿಯ ಬೆಂಚುಗಳ ಮೇಲೆ ರಾತ್ರಿಗಳನ್ನು ಕಳೆದರು. ಅವರು ರೈಲ್ವೆ ಮಂತ್ರಿಯಾಗಿದ್ದಾಗಲೇ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತೆಂಬುದನ್ನು ನೆನೆದರೆ ನಮಗೆ ಈಗಲೂ ಒಂದು ಬಗೆಯ ಹೆಮ್ಮೆ.

ಹಾರ್ಬರ್ ಮಾರ್ಗ ಪನವೇಲಿಗೆ ಮುಟ್ಟಿದ್ದೂ ಆ 1998ರಲ್ಲೇ. ಸಿಡ್ಕೊ ಕಟ್ಟಿದ ನಮ್ಮ ಮಾನಸರೋವರ, ಖಾಂದೇಶ್ವರ ನಿಲ್ದಾಣಗಳ ವೈಶಾಲ್ಯವನ್ನು ಊರಿನವರು ಬಾಯಿ ತೆರೆದು ನೋಡುತ್ತಾರೆ. ಪನವೇಲಂತೂ ದೊಡ್ಡ ಜಂಕ್ಷನ್. ಮೂರು ಭಾಷೆಗಳ ಫಲಕ, ಮೂರು ಭಾಷೆಗಳ ಘೋಷಣೆ; ತಿಳಿಯಬೇಕಾದುದನ್ನೆಲ್ಲ ಅಲ್ಲಿ ಹೇಳುತ್ತಲೇ ಇರುತ್ತಾರೆ. ಆದರೂ ಹೊಸಬನಿಗೆ ಅಲ್ಲಿ ಕಾಲು ತಡವರಿಸುತ್ತದೆ. ಏಕೆಂದರೆ ಎಲ್ಲರೂ ಎಲ್ಲಿಗೋ ಹೋಗುತ್ತಿರುವಾಗ ತಾನೊಬ್ಬನೇ ನಿಂತಿದ್ದಾನೆ. ಹೆಸರು ನಿಲ್ದಾಣ, ನಿಂತರೆ ಮಾತ್ರ ಹಿಂದಿನವರ ಗೊಣಗಾಟ!

ಆ ಗೊಣಗಾಟದಲ್ಲೂ ಹುರುಳಿಲ್ಲದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ ನೂಕುನುಗ್ಗಲಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬಾಂದ್ರಾ ಟರ್ಮಿನಸ್ಸಿನಲ್ಲಿ ನೂಕಾಟವಾಗಿ ಹಲವರು ಗಾಯಗೊಂಡಾಗ ದಾದರ್, ಠಾಣೆ, ಕಲ್ಯಾಣಗಳಂಥ ನಿಲ್ದಾಣಗಳಲ್ಲಿ ಹಬ್ಬ ಮುಗಿಯುವ ತನಕ ಪ್ಲಾಟ್‌ಫಾರಂ ಟಿಕೆಟನ್ನೇ ನಿಲ್ಲಿಸಿದರು. ಎದುರುಗೊಳ್ಳಲು ಹೋದವನೂ ಗುಂಪಿಗೆ ಸೇರಿದ ಇನ್ನೊಂದು ದೇಹವೇ. ಒಬ್ಬರನ್ನು ಕರೆತರಲು ಮನೆಮಂದಿಯೆಲ್ಲ ಹೋಗುವ ನಮ್ಮ ಹಳೆಯ ಸಂಭ್ರಮ ಇಂದು ಪರರಿಗೆ ತೊಂದರೆ ಎಂದೇ ಹೇಳಬೇಕು. ಆ ನಿಷೇಧದಲ್ಲೂ ವೃದ್ಧರು, ರೋಗಿಗಳ ವಿಷಯದಲ್ಲಿ ವಿನಾಯಿತಿ ಇತ್ತು. ಸರ್ಕಾರಿ ಸುತ್ತೋಲೆಯೊಂದು ಧರ್ಮಸೂಕ್ಷ್ಮವನ್ನು ಇಷ್ಟು ಚೆನ್ನಾಗಿ ಅರಿತಿರುವುದು ಅಪರೂಪ.

ನಾಲ್ಕನೆಯ ಸಲ ಬರುತ್ತಿರುವ ಸೋದರಳಿಯನಿಗೆ ದಾರಿ ಗೊತ್ತು, ಅವನು ಬಂದುಕೊಳ್ಳಲಿ. ಆದರೆ ಗಂಡನನ್ನು ಕಳೆದುಕೊಂಡ ಮೇಲೆ ಮೊದಲ ಸಲ ಒಬ್ಬಳೇ ಬರುವ ತಾಯಿಗೂ ದಾರಿ ಗೊತ್ತಲ್ಲ ಎಂದರೆ? ಖಾರಘರದ ಟಾಟಾ ಕ್ಯಾನ್ಸರ್ ಕೇಂದ್ರಕ್ಕೆಂದು ಫೈಲು ಹಿಡಿದು ಇಳಿಯುವ ದೂರದ ಬಂಧುವಿಗೆ ನಕ್ಷೆ ಕಳಿಸಿದ್ದೇವಲ್ಲ ಎಂದರೆ? ನಕ್ಷೆ ಮನೆ ಎಲ್ಲಿದೆಯೆಂದು ಹೇಳುತ್ತದೆ. ಆ ಮನೆಯಲ್ಲಿ ತನಗೆ ಜಾಗವಿದೆಯೋ ಇಲ್ಲವೋ ಎಂಬುದು ಇಳಿದವನಿಗೆ ತಿಳಿಯುವುದು ಮೆಟ್ಟಿಲ ಕೊನೆಯಲ್ಲಿ ಕಂಡ ಒಂದು ಪರಿಚಯದ ಮುಖದಿಂದ. ಇಂಥವರ ವಿಷಯದಲ್ಲಿ ಅಗತ್ಯ ತೀರಿಲ್ಲ, ರೂಪ ಬದಲಿಸಿದೆ ಎಂದೇ ನಮ್ಮ ಅಭಿಪ್ರಾಯ.

ಇನ್ನು ನೆಂಟರಲ್ಲದವರ ಮಾತು. ರಿಕ್ಷಾ ಸಾಲಿನಲ್ಲಿ ಯಾರೋ ಕನ್ನಡದಲ್ಲಿ ತಡವರಿಸುತ್ತಿರುವುದು ಕಿವಿಗೆ ಬಿದ್ದಾಗ ನಮ್ಮಲ್ಲಿ ಎಷ್ಟು ಮಂದಿ ಹೆಜ್ಜೆ ನಿಧಾನ ಮಾಡುತ್ತೇವೆ? ರಾಜ್ಯೋತ್ಸವದ ವೇದಿಕೆಯಲ್ಲಿ ಉಕ್ಕುವ ಅಭಿಮಾನ ಅಲ್ಲಿ ಗಡಿಯಾರ ನೋಡುತ್ತದೆ. ದಾರಿ ಕೇಳಿದವನು ಆಮೇಲೆ ಕೋಣೆ ಕೇಳಿಯಾನು, ಸಾಲ ಕೇಳಿಯಾನು ಎಂಬ ಅಂಜಿಕೆಯೂ ಇದೆ. ಒಂದೇ ಕೋಣೆಯ ಬಿಡಾರದಲ್ಲಿರುವವರ ಆ ಅಂಜಿಕೆಯನ್ನು ನಾವು ಗೇಲಿ ಮಾಡಲಾರೆವು. ಇಲ್ಲವೆನ್ನಬೇಕಾದಾಗ ಇಲ್ಲವೆನ್ನಬಹುದು. ಆದರೆ ಆಸ್ಪತ್ರೆಗೆ ಯಾವ ಕಡೆಯ ಬಾಗಿಲಿನಿಂದ ಹೊರಬೀಳಬೇಕು, ರಿಕ್ಷಾದವನಿಗೆ ಏನು ಕೊಡಬೇಕು ಎಂಬಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಕೇಳುವವನು ಕನ್ನಡದವನಲ್ಲದೆ ಬಿಹಾರದವನಾಗಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತದೆ. ನಮ್ಮ ಹಿರಿಯರಿಗೆ ಈ ನಗರದಲ್ಲಿ ದಾರಿ ತೋರಿಸಿದವರೆಲ್ಲ ಕನ್ನಡಿಗರೇನೂ ಆಗಿರಲಿಲ್ಲ.

ಹೋಗುವುದೆಂದು ನಿಶ್ಚಯಿಸಿದ ಮನೆಯಿಂದ ಒಬ್ಬರು ಹೋದರೆ ಸಾಕು. ಮಳೆಗಾಲದಲ್ಲಿ ಕೊಂಕಣದ ಗಾಡಿಗಳು ವೇಗ ತಗ್ಗಿಸಿ ಬೇರೆ ವೇಳಾಪಟ್ಟಿಯಂತೆ ಓಡುತ್ತವೆ. ಹೊರಡುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಬೇಕು.