ಮಾರಿದ ಹುಡುಗ ಹರಿಸಿದ ನೀರು

ನವಿ ಮುಂಬೈಯಲ್ಲಿ ನಾನಿರುವ ರಬಾಳೆಯ ಒಂದು ಮಗ್ಗುಲಿಗೆ ಠಾಣೆ ಖಾಡಿಯ ಉಪ್ಪುನೀರು, ಇನ್ನೊಂದು ಮಗ್ಗುಲಿಗೆ ಪಾರ್ಸಿಕ್ ಗುಡ್ಡ. ನವಿ ಮುಂಬೈ ಕುಡಿಯುವುದು ದೂರದ ಮೋರ್ಬೆ ಅಣೆಕಟ್ಟಿನ ನೀರನ್ನು. ಇಂಥ ಕಡೆ ಬಾಳುವುದರಿಂದಲೋ ಏನೋ, ಮಲಿಕ್ ಅಂಬರನ ವಿಷಯ ಬಂದಾಗಲೆಲ್ಲ ನನ್ನ ಮನಸ್ಸು ಅವನ ಯುದ್ಧಗಳನ್ನು ದಾಟಿ ಅವನ ನೀರಿನ ಬಳಿ ಹೋಗಿ ನಿಲ್ಲುತ್ತದೆ.

1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ ಅವನು. ಚಾಪು ಎಂದು ಹೆಸರು. ಎಳೆತನದಲ್ಲೇ ಮಾರಾಟವಾದ. ಅರಬ್ಬರ ಸಂತೆಗಳಲ್ಲಿ ಕೈಯಿಂದ ಕೈಗೆ ದಾಟಿ, ಬಾಗ್ದಾದಿನಲ್ಲಿ ವಿದ್ಯೆ ಕಲಿತು, ಕಡಲು ದಾಟಿ ದಖ್ಖನಿಗೆ ಬಂದ. ಇಲ್ಲಿ ಅವನನ್ನು ಕೊಂಡವನು ಅಹಮದನಗರದ ಪೇಶ್ವೆ ಚಂಗೀಜ್ ಖಾನ್. ಅವನೂ ಆಫ್ರಿಕದವನೇ, ಒಂದು ಕಾಲಕ್ಕೆ ಗುಲಾಮನಾಗಿದ್ದವನೇ. ಒಡೆಯ ತೀರಿಕೊಂಡ ಮೇಲೆ ಅಂಬರನಿಗೆ ಬಿಡುಗಡೆಯಾಯಿತು. ಕೆಲವು ಕಾಲ ವಿಜಾಪುರದಲ್ಲೂ ಸೇವೆ ಮಾಡಿದ. 1600ರಲ್ಲಿ ಮೊಗಲರು ಅಹಮದನಗರದ ಕೋಟೆ ಹಿಡಿದಾಗ ಅಲ್ಲಿನ ನಿಜಾಮಶಾಹಿ ಅರಸೊತ್ತಿಗೆಯ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಅಂಬರ ಒಬ್ಬ ಅರಸನನ್ನು ಪಟ್ಟಕ್ಕೆ ಕೂರಿಸಿ, 1626ರಲ್ಲಿ ತಾನು ಸಾಯುವವರೆಗೂ ಆ ರಾಜ್ಯವನ್ನು ಹೆಗಲ ಮೇಲೆ ಹೊತ್ತ. ಅವನನ್ನು ಸೋಲಿಸಲಾಗದ ಜಹಾಂಗೀರ ತನ್ನ ಆಸ್ಥಾನದ ಚಿತ್ರಕಾರ ಅಬುಲ್ ಹಸನನಿಂದ ಒಂದು ಚಿತ್ರ ಬರೆಸಿಕೊಂಡ: ಅಂಬರನ ಕತ್ತರಿಸಿದ ತಲೆಗೆ ಬಾದಶಹ ಬಾಣ ಬಿಡುತ್ತಿರುವ ಚಿತ್ರ. ಆ ತಲೆ ಅವನ ಕೈಗೆ ಕೊನೆಗೂ ಸಿಗಲಿಲ್ಲ.

1610ರಲ್ಲಿ ಅಂಬರ ಖಡಕಿ ಎಂಬಲ್ಲಿ ಹೊಸ ಊರು ಕಟ್ಟಿದ. ಮುಂದೆ ಔರಂಗಾಬಾದ್ ಎನಿಸಿಕೊಂಡು, ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರು ಅದೇ. ಬಂಡೆ ನೆಲ, ಕಡಿಮೆ ಮಳೆ. ಉತ್ತರದ ಗುಡ್ಡಗಳ ಒಡಲಲ್ಲಿ ಒಸರುವ ನೀರನ್ನು ನೆಲದಡಿಯ ಕಾಲುವೆಯಲ್ಲಿ ಊರಿಗೆ ತಂದ. ಎತ್ತುವ ಯಂತ್ರವಿಲ್ಲ, ಬರೀ ಇಳಿಜಾರಿನ ಲೆಕ್ಕ. ಒಳಗೆ ಸಿಕ್ಕಿದ ಗಾಳಿ ಹೊರಹೋಗಲು ದಾರಿಯುದ್ದಕ್ಕೂ ಕಲ್ಲುಗಾರೆಯ ಗೋಪುರಗಳು. ಜನ ಅದನ್ನು ಇಂದಿಗೂ ನಹರ್ ಎನ್ನುತ್ತಾರೆ. ಅವನ ರಾಜ್ಯ ಅವನ ಹಿಂದೆಯೇ ಅಳಿಯಿತು, ನೀರು ಶತಮಾನಗಳ ಕಾಲ ಹರಿಯಿತು. ಸಂತೆಯಲ್ಲಿ ನಿಲ್ಲಿಸಿ ಬೆಲೆ ಕಟ್ಟಿದ ಆ ಹುಡುಗ ಒಂದು ದಿನ ಪರನಾಡಿನ ನೆಲದ ಒಳಗನ್ನು ಹೀಗೆ ಓದಿಯಾನು ಎಂದು ಕೊಂಡವರಲ್ಲಿ ಯಾರಿಗೆ ಹೊಳೆದಿತ್ತು?

ಯುದ್ಧದಲ್ಲೂ ಅವನು ನೀರನ್ನೇ ಕರೆದ. 1624ರಲ್ಲಿ ಭಾತವಡಿಯಲ್ಲಿ ಮೊಗಲರ ಮತ್ತು ವಿಜಾಪುರದ ಸೇನೆಗಳು ಒಟ್ಟಾಗಿ ಎದುರಾದಾಗ ಕೆರೆಯ ಏರಿ ಒಡೆಸಿ ವೈರಿಗಳ ಬೀಡಿನ ನೆಲವನ್ನೇ ಕೆಸರು ಮಾಡಿದ. ಆ ಗೆಲುವಿನ ಬೆನ್ನಿಗೇ ವಿಜಾಪುರದ ಕಡೆ ನುಗ್ಗಿ, ಎರಡನೆಯ ಇಬ್ರಾಹಿಂ ಆದಿಲಶಾಹ ತೊರವಿಯ ಹತ್ತಿರ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಗೆಡವಿದ. ವಿಜಯಪುರ ಜಿಲ್ಲೆಯಿಂದ ಬಂದ ನನಗೆ ಇದು ಸಣ್ಣ ನೋವಲ್ಲ. ಸಂಗೀತಕ್ಕೆಂದೇ ಕನಸು ಕಂಡ ಊರದು. ಆದರೂ ಅಂಬರನನ್ನು ಗೌರವಿಸುವುದಾದರೆ ಇಡೀ ಮನುಷ್ಯನನ್ನೇ ಗೌರವಿಸಬೇಕು. ಊರು ಕಟ್ಟಿದ ಕೈಯೇ ಊರು ಕೆಡವಿದ್ದನ್ನೂ ಹೇಳಬೇಕು.

ಭಾತವಡಿಯಲ್ಲಿ ಅವನ ಪಾಳಯದಲ್ಲಿದ್ದ ತರುಣರಲ್ಲಿ ಶಹಾಜಿ ಭೋಸಲೆ ಒಬ್ಬ. ಅದೇ ಶಹಾಜಿ ಮುಂದೆ ಆದಿಲಶಾಹಿಯ ಸರದಾರನಾಗಿ ಬೆಂಗಳೂರನ್ನು ಜಹಗೀರಾಗಿ ಪಡೆದ. ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ಅವನ ಸಮಾಧಿಯಿದೆ. ಮರಾಠರು ಹೆಮ್ಮೆಯಿಂದ ಹೇಳುವ ಗೆರಿಲ್ಲಾ ಕಾಳಗವನ್ನು ಅಂಬರ ಅವರ ರಾಜ್ಯ ಹುಟ್ಟುವ ಮೊದಲೇ ದಖ್ಖನಿನ ಗುಡ್ಡಗಳಲ್ಲಿ ಮರಾಠಾ ಕುದುರೆ ಸವಾರರನ್ನು ಜೊತೆಗಿಟ್ಟುಕೊಂಡು ನಡೆಸಿದ್ದ. ಮಹಾರಾಷ್ಟ್ರದ ಚರಿತ್ರೆಯನ್ನೂ ನಮ್ಮ ಚರಿತ್ರೆಯನ್ನೂ ಎಲ್ಲಿ ಬಿಚ್ಚಿದರೂ ಒಳಗೊಂದು ಆಫ್ರಿಕದ ಎಳೆ ಇದೆ. ವಿಜಾಪುರದಲ್ಲೇ ದಿಲಾವರ್ ಖಾನ್, ಇಖಲಾಸ್ ಖಾನ್ ಅಂಥ ಆಫ್ರಿಕ ಮೂಲದವರು ರಾಜ್ಯಭಾರ ನಡೆಸಿದರು.

ರಬಾಳೆಯಿಂದ ಪನವೇಲ್, ಪೇಣ್, ಅಲಿಬಾಗ್ ಹಾದು ಮುರುಡ್ ಕಡೆ ಹೋದರೆ, ರಾಜಪುರಿಯ ದಕ್ಕೆಯಿಂದ ಜಂಜಿರಾಕ್ಕೆ ದೋಣಿ ಸಿಗುತ್ತದೆ. ಶಿವಾಜಿ, ಸಂಭಾಜಿ ಇಬ್ಬರೂ ಪ್ರಯತ್ನಿಸಿದರೂ ಕೈಗೆ ಸಿಗದ ಕೋಟೆ ಅದು. ಅಲ್ಲಿ ಆಫ್ರಿಕ ಮೂಲದ ಸಿದ್ದಿ ನವಾಬರ ಆಳ್ವಿಕೆ 1948ರವರೆಗೂ ನಡೆಯಿತು. ಅವರು ಕರಾವಳಿಯ ಹಳ್ಳಿಗಳನ್ನು ದೋಚಿದ್ದೂ ಉಂಟು. ನನ್ನನ್ನು ಬೆರಗಾಗಿಸುವುದು ಕೋಟೆಯೊಳಗಿನ ಕೆರೆಗಳು: ಸುತ್ತ ಕಡಲು, ನಡುವೆ ಸಿಹಿನೀರು.

ಅರಮನೆ ಏರಿದವರ ಹೆಸರು ಉಳಿಯಿತು. ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದು, ಹಿಂಸೆ ತಾಳದೆ ಘಟ್ಟ ಹತ್ತಿ ಕಾಡು ಸೇರಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿಗಳಲ್ಲಿ ಹಲವರು ಅವರ ಮೊಮ್ಮಕ್ಕಳ ಮೊಮ್ಮಕ್ಕಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳಾಗಿ ಹರಡಿದ್ದರೂ ಡಮಾಮಿ ವಾದ್ಯ ಬಾರಿಸಿದರೆ ಒಂದೇ ಅಂಗಳಕ್ಕೆ ಬರುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಅವರ ಹೆಂಗಸರು ಹೊಲಿಯುವ ಕೌದಿಗಳನ್ನು ಈಗ ಹೊರದೇಶದವರೂ ಮೆಚ್ಚುತ್ತಾರೆ.

ಇವರಿಗೆ ನಮ್ಮ ಪೇಟೆಗಳಲ್ಲಿ ಇಂದಿಗೂ ಎದುರಾಗುವ ಪ್ರಶ್ನೆ, 'ನೀವು ಯಾವ ದೇಶದವರು?' ಕೇಳಿದವರಿಗೆ ಕನ್ನಡದಲ್ಲೇ ಉತ್ತರ ಬರುತ್ತದೆ. ನಮ್ಮಂಥವರು ಖಾಡಿಯ ದಂಡೆಗೆ ಬಂದು ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಇದು ನಮ್ಮ ಊರು ಎನ್ನುತ್ತೇವೆ, ಯಾರೂ ತಡೆಯುವುದಿಲ್ಲ. ನಾನೂರು ವರ್ಷ ಈ ಮಣ್ಣಲ್ಲಿ ದುಡಿದವರು ಉತ್ತರ ಕನ್ನಡದ ಪರಿಶಿಷ್ಟ ಪಂಗಡವಾಗಿ ಪಟ್ಟಿಗೆ ಸೇರಲು 2003 ಬರಬೇಕಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು.