ತಲೆನೋವಿಗೆ ಸಾಕ್ಷಿ ಯಾರು?

ನಮ್ಮ ಮನೆಯಲ್ಲಿ ಇದುವರೆಗೆ ಎರಡು ತಲೆಗಳಿಗೆ ಪೆಟ್ಟು ಬಿದ್ದಿದೆ. ಮೊದಲನೆಯದು ನನ್ನದು. ಕಚೇರಿಯ ಮೆಟ್ಟಿಲಿನಲ್ಲಿ ಜಾರಿ, ಗೋಡೆಗೆ ತಲೆ ಬಡಿದು, ಒಂದೆರಡು ನಿಮಿಷ ಎಚ್ಚರ ತಪ್ಪಿತ್ತು. ಎರಡನೆಯದು ನನ್ನ ಹೆಂಡತಿಯದು. ನಾನು ಓಡಿಸುತ್ತಿದ್ದ ಸ್ಕೂಟರು ರಸ್ತೆಯ ಉಬ್ಬಿನ ಮೇಲೆ ಎಗರಿದಾಗ, ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದವಳು ಕೆಳಕ್ಕೆ ಬಿದ್ದಳು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ ನಮ್ಮ ರಾಜ್ಯದಲ್ಲಿ 2016ರಿಂದಲೂ ಉಂಟು. ಆ ದಿನ ಹೆಲ್ಮೆಟ್ ನನ್ನ ತಲೆಯ ಮೇಲಿತ್ತು. ಅವಳ ತಲೆಯಲ್ಲಿದ್ದುದು ಒಂದು ಮೊಳ ಮಲ್ಲಿಗೆ.

ಎರಡು ಸಲವೂ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ತೆಗೆದರು; ಎರಡು ಸಲವೂ 'ಏನೂ ಇಲ್ಲ' ಎಂದರು. ಆದರೆ ಈ ಒಂದೇ ಮಾತಿಗೆ ಮನೆಯಲ್ಲಿ ಎರಡು ಅರ್ಥಗಳಾದವು. ನನ್ನ ಪಾಲಿಗೆ ಅದು, 'ಸದ್ಯ, ದೊಡ್ಡದೇನೂ ಆಗಲಿಲ್ಲ, ಮಲಗಿರಲಿ' ಎಂದಾಯಿತು. ಟಿ.ವಿ. ಬಾಯಿ ಮುಚ್ಚಿತು, ಮಕ್ಕಳು ಪಿಸುಮಾತಿನಲ್ಲಿ ಜಗಳವಾಡಿದರು, ನಾನು ಎರಡು ವಾರ ರಜೆ ಹಾಕಿದೆ. ಅವಳ ಪಾಲಿಗೆ ಅದೇ ಮಾತು, 'ಏನೂ ಇಲ್ಲವಂತೆ, ಇನ್ನೇನು!' ಎಂದಾಯಿತು. ಮೂರನೆಯ ದಿನ ಅವಳು ಒಲೆಯ ಮುಂದಿದ್ದಳು.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, "ಏನೂಂದ್ರೆ, ಈ ಮಿಕ್ಸಿ ಸದ್ದು ತಲೆಯೊಳಗೇ ತಿರುಗಿದ ಹಾಗಾಗುತ್ತೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರೋಲ್ಲ," ಎಂದಳು. ನಾನು ಪತ್ರಿಕೆಯಿಂದ ತಲೆಯೆತ್ತದೆ, "ಸ್ಕ್ಯಾನಿನಲ್ಲಿ ಏನೂ ಇಲ್ಲವಲ್ಲೇ," ಎಂದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಅದನ್ನು ನಾನು ಗುಣವಾಯಿತೆಂದು ತಿಳಿದೆ.

ಆರು ತಿಂಗಳ ತರುವಾಯ ರಜೆಗೆಂದು ಬಂದ ಮಗಳು ತಾಯಿಯನ್ನು ನರರೋಗ ತಜ್ಞರಲ್ಲಿಗೆ ಕರೆದೊಯ್ದಳು. ಅವರು ಯಾವ ಹೊಸ ಚಿತ್ರವನ್ನೂ ತೆಗೆಸಲಿಲ್ಲ. ಮುಕ್ಕಾಲು ಗಂಟೆ ಕೂರಿಸಿಕೊಂಡು, ನಿದ್ರೆ ಹೇಗಿದೆ, ಬೆಳಕು ಚುಚ್ಚುತ್ತದೆಯೆ, ಯಾವ ಕೆಲಸ ಮಾಡಿದರೆ ನೋವು ಏರುತ್ತದೆ ಎಂದು ಕೇಳಿದರು. ಆಮೇಲೆ ನಾನು ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ತಪ್ಪು ಮಾಡಿದವನು ಪುಸ್ತಕದ ಮೊರೆ ಹೊಗುವುದು ಹಳೆಯ ಪದ್ಧತಿ.

ವೈದ್ಯರು ಇಂಥ ಪೆಟ್ಟನ್ನು 'ಸೌಮ್ಯ'ವೆಂದು ಕರೆಯುತ್ತಾರೆ. ಎಚ್ಚರ ತಪ್ಪಿದ್ದರೂ ಅರ್ಧ ಗಂಟೆ ಮೀರಿರಬಾರದು. ಮರೆವು ಒಂದು ದಿನ ಮೀರಬಾರದು. 1974ರಲ್ಲಿ ಬಳಕೆಗೆ ಬಂದ ಗ್ಲಾಸ್ಗೋ ಮಾಪನದಲ್ಲಿ 15ಕ್ಕೆ 13ರ ಕೆಳಗೆ ಇಳಿದಿರಬಾರದು. ಅಂದರೆ ಈ ವಿಶೇಷಣ ಮೊದಲ ಕೆಲವು ಗಂಟೆಗಳ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಮುಂದಿನ ತಿಂಗಳುಗಳ ಸಂಕಟವನ್ನಲ್ಲ. ಸಿ.ಟಿ. ಯಂತ್ರ ರಕ್ತಸ್ರಾವವನ್ನು ಕಾಣುತ್ತದೆ, ಬಿರಿದ ಮೂಳೆಯನ್ನು ಕಾಣುತ್ತದೆ. ಎಳೆತಕ್ಕೆ ಸಿಕ್ಕಿ ನೊಂದ ನರತಂತುಗಳ ಸೂಕ್ಷ್ಮ ಎಳೆಗಳು ಅದರ ಕಣ್ಣಿಗೆ ಬೀಳವು.

ಇನ್ನೊಂದು ಸಂಗತಿಯೂ ತಿಳಿಯಿತು. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ, ಇಂಥ ಪೆಟ್ಟು ತಿಂದ ಸುಮಾರು 2000 ಜನರನ್ನು ಒಂದು ವರ್ಷದವರೆಗೆ ವಿಚಾರಿಸಿತು. ಹೆಂಗಸರಲ್ಲಿ ತೊಂದರೆಗಳು ಹೆಚ್ಚಾಗಿ ಉಳಿದಿದ್ದವು. 35ರಿಂದ 49 ವರ್ಷದವರಲ್ಲಿ ಅದು ಎದ್ದು ಕಾಣುತ್ತಿತ್ತು. ಕಾರಣ ದೇಹದಲ್ಲಿದೆಯೆ? ಒಂದಿಷ್ಟು ಇದ್ದೀತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ನರಕೋಶಗಳನ್ನು ಪರೀಕ್ಷಿಸಿ, ಹೆಣ್ಣು ಕೋಶದ ತಂತುಗಳು ಹೆಚ್ಚು ಸಣ್ಣವೆಂದೂ, ಅಷ್ಟೇ ಎಳೆತಕ್ಕೆ ಹೆಚ್ಚು ಹಾನಿಗೊಳ್ಳುತ್ತವೆಂದೂ 2018ರಲ್ಲಿ ತೋರಿಸಿದರು. ತಿಂಗಳ ಋತುಚಕ್ರದ ಯಾವ ಭಾಗದಲ್ಲಿ ಪೆಟ್ಟು ಬಿತ್ತೆಂಬುದೂ ಚೇತರಿಕೆಯ ಮೇಲೆ ಪರಿಣಾಮ ಮಾಡುವಂತೆ ತೋರುತ್ತದೆಂದು 2014ರ ಒಂದು ಅಧ್ಯಯನ ಹೇಳಿತ್ತು.

ಇಷ್ಟನ್ನು ಓದಿ ನನಗೆ ಒಂದು ಬಗೆಯ ನೆಮ್ಮದಿಯಾಯಿತೆಂದು ಒಪ್ಪಿಕೊಳ್ಳಬೇಕು. ತಪ್ಪು ನನ್ನದಲ್ಲ, ಪ್ರಕೃತಿಯದು! ಆದರೆ ಆ ನೆಮ್ಮದಿ ಬಹಳ ಹೊತ್ತು ನಿಲ್ಲಲಿಲ್ಲ. ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯವರು 7ರಿಂದ 18 ವರ್ಷದವರನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನ ಕೈಗೆ ಸಿಕ್ಕಿತು. ಅಲ್ಲಿಯೂ ಹುಡುಗಿಯರ ಚೇತರಿಕೆ ಹುಡುಗರಿಗಿಂತ ನಿಧಾನ. ಆದರೆ ಹುಡುಗಿಯರು ತಜ್ಞರ ಬಳಿಗೆ ಬಂದದ್ದೂ ತಡವಾಗಿ. ಮೊದಲ ವಾರದಲ್ಲೇ ಬಂದವರನ್ನು ಮಾತ್ರ ಹೋಲಿಸಿದಾಗ, ಗಂಡು ಹೆಣ್ಣಿನ ಆ ಅಂತರ ಕಾಣಲಿಲ್ಲ! ಇದೊಂದರಿಂದಲೇ ಎಲ್ಲವನ್ನೂ ತೀರ್ಮಾನಿಸುವುದು ಸಾಧುವಲ್ಲ. ಆದರೂ, ಪ್ರಕೃತಿಯ ಲೆಕ್ಕಕ್ಕೆ ನಾವು ಬರೆದಿಟ್ಟ ಸಾಲದಲ್ಲಿ ನಮ್ಮ ಪಾಲೆಷ್ಟು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪ್ರಶ್ನೆ ಇಲ್ಲಿ ವೈದ್ಯಕೀಯವನ್ನು ದಾಟಿ ಧರ್ಮಕ್ಕೆ ಬರುತ್ತದೆ. ಕಣ್ಣಿಗೆ ಕಾಣದ ನೋವಿಗೆ ಪ್ರಮಾಣ ಯಾವುದು? ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದರು. ಶಬ್ದವೆಂದರೆ ಆಪ್ತವಾಕ್ಯ, ತಾನು ಸ್ವತಃ ಅರಿತದ್ದನ್ನು ಅರಿತಂತೆ ಹೇಳುವವರ ಮಾತು. ಭಾಷ್ಯಕಾರ ವಾತ್ಸ್ಯಾಯನ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆನ್ನುತ್ತಾನೆ. ಮ್ಲೇಚ್ಛನಿಗೂ ದೊರೆತ ಈ ಮರ್ಯಾದೆ ನಮ್ಮ ಮನೆಯಲ್ಲಿ ಗೃಹಿಣಿಗೆ ದೊರೆಯಲಿಲ್ಲ. ಅವಳ ತಲೆಯ ವಿಷಯದಲ್ಲಿ ಅವಳಿಗಿಂತ ಆಪ್ತರು ಯಾರಿದ್ದರು? ನನ್ನ ನೋವಿಗೆ ನನ್ನ ಮಾತೇ ಸಾಕಾಗಿತ್ತು. ಅವಳ ನೋವಿಗೆ ಯಂತ್ರದ ಸಾಕ್ಷಿ ಬೇಕಾಯಿತು.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಿಬಿಡಬೇಕೆ ಎಂದು ವಾಚಕರು ಆಕ್ಷೇಪಿಸಬಹುದು. ನಂಬುವುದೆಂದರೆ ಪರೀಕ್ಷೆಯನ್ನು ಬಿಡುವುದಲ್ಲ, ಆರಂಭಿಸುವುದು. 'ಏನೂ ಇಲ್ಲ' ಎಂದವನು ಮುಂದಕ್ಕೆ ಏನನ್ನೂ ಕೇಳುವುದಿಲ್ಲ. ತಪ್ಪಾಗಿ ನಂಬಿದ್ದರೆ ನಾನು ಕಳೆದುಕೊಳ್ಳುತ್ತಿದ್ದುದು ನಾಲ್ಕು ದಿನದ ಬಿಸಿ ಅಡುಗೆ. ನಂಬದೆ ಅವಳು ಕಳೆದುಕೊಂಡದ್ದು ಆರು ತಿಂಗಳು. 'ಹೆಂಗಸರಿಗೆ ಗುಣವಾಗುವುದು ನಿಧಾನ' ಎಂಬ ಹೊಸ ತಿಳಿವಳಿಕೆಯೂ 'ಹೆಂಗಸರದು ಯಾವಾಗಲೂ ಇದ್ದದ್ದೇ' ಎಂಬ ಹಳೆಯ ಉದಾಸೀನಕ್ಕೆ ಹೊಸ ಅಂಗಿಯಾಗಬಾರದು. ಸರಾಸರಿ ಎಂಬುದು ಗುಂಪಿನ ಮಾತು. ನೋಯುವುದು ಒಂದೊಂದೇ ತಲೆ. 'ಗಂಡಸಾಗಿ ಇಷ್ಟಕ್ಕೆ ಮಲಗುವುದೆ?' ಎಂದು ತಲೆಸುತ್ತನ್ನು ಮುಚ್ಚಿಟ್ಟು ಕೆಲಸಕ್ಕೆ ಹೋಗುವವನಿಗೂ ಇದೇ ಅನ್ಯಾಯ ಇನ್ನೊಂದು ಬಾಗಿಲಿನಿಂದ ಬರುತ್ತದೆ.

ತಲೆಗೆ ಪೆಟ್ಟು ತಿಂದ ಆಟಗಾರ ಮೈದಾನಕ್ಕೆ ಮರಳಲು ಕ್ರೀಡಾವೈದ್ಯರು ಆರು ಮೆಟ್ಟಿಲುಗಳನ್ನು ಹಾಕಿದ್ದಾರೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಸ್ವಲ್ಪ ನಡಿಗೆ, ಹೀಗೆ ಒಂದೊಂದಾಗಿ. ತೊಂದರೆ ಹೆಚ್ಚಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಅಡುಗೆಮನೆಗೆ ಮರಳಲು ನಮ್ಮ ಮನೆಯಲ್ಲಿ ಒಂದೇ ಮೆಟ್ಟಿಲಿತ್ತು, ಅದು ಹೊಸ್ತಿಲು. ಈಗ ನಾವು ತಡವಾಗಿಯಾದರೂ ಉಳಿದವನ್ನು ಕಟ್ಟುತ್ತಿದ್ದೇವೆ. ಮಿಕ್ಸಿ ತಿರುಗಿಸುವ ಕೆಲಸ ನನ್ನದು.

ಮೊನ್ನೆ ಬೆಳಗ್ಗೆ ಪತ್ರಿಕೆಯನ್ನು ಮಡಿಸಿಟ್ಟು, "ಇವತ್ತು ತಲೆ ಹೇಗಿದೆ?" ಎಂದು ಕೇಳಿದೆ. ಅವಳು ಕಾಫಿ ಲೋಟವನ್ನು ನನ್ನ ಮುಂದಿಟ್ಟು ಒಂದು ಕ್ಷಣ ನನ್ನನ್ನೇ ನೋಡಿದಳು.

"ಯಾಕೆ, ಸ್ಕ್ಯಾನಿನಲ್ಲಿ ಏನಾದರೂ ಬಂತೇನು?"